ಓದದೆ ಒತ್ತಿಸಿದ ಹೆಬ್ಬೆಟ್ಟು

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುತ್ತಿದ್ದೆ. ಆಪರೇಷನ್ನಿನ ಹಿಂದಿನ ದಿನ ಒಪ್ಪಿಗೆ ಪತ್ರ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುವುದು ನನ್ನ ಪಾಲಿನ ಕೆಲಸ. ಹಳ್ಳಿಯ ಹೆಂಗಸು ಎಂದರೆ ಕೇಳುವುದೇನು ಬಂತು? ಶಾಯಿ ಪ್ಯಾಡು ಮುಂದಿಡುವುದು, "ಒತ್ತವ್ವ" ಎನ್ನುವುದು. ಅವರೂ ಒತ್ತುತ್ತಿದ್ದರು.

ಕೊಕ್ಕನೂರಿನ ಒಬ್ಬಳು ಮಾತ್ರ ಮುಷ್ಟಿ ಬಿಗಿಹಿಡಿದಳು. ಒಂದು ಹೆಣ್ಣು ಕೂಸಿನ ತಾಯಿ, ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ.

"ಏನು ಬರ್ದೈತೆ, ಓದ್ರಿ ಅಕ್ಕಾರೆ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಇನ್ನೂ ಎಂಟು ಮಂದಿ ಅದಾರೆ, ಸುಮ್ನೆ ಒತ್ತು" ಎಂದೆ. ಅವಳು ಜಗ್ಗಲಿಲ್ಲ. ಓದಲು ಹೋದರೆ ಪತ್ರವೆಲ್ಲ ಇಂಗ್ಲಿಷು. ಆರು ವರ್ಷದಿಂದ ನೂರಾರು ಹೆಬ್ಬೆಟ್ಟು ಒತ್ತಿಸಿದ್ದ ನಾನು ಅದನ್ನು ಒಂದು ಸಲವೂ ಪೂರ್ತಿ ಓದಿರಲಿಲ್ಲ, ಥೂ ನನ್ನ! ತಡವರಿಸುತ್ತಾ ಕನ್ನಡದಲ್ಲಿ ಹೇಳಿದೆ: ಗರ್ಭಕೋಶ ತೆಗೆಯಲು ಒಪ್ಪಿದ್ದೇನೆ.

"ಗರ್ಭಕೋಶನಾ? ಗಂಟು ತೆಗಿತಾರೆ ಅಂದಿದ್ರಲ್ರಿ!"

ಬಾಗಿಲ ಬಳಿ ನಿಂತಿದ್ದ ಗಂಡ ತಲೆ ತಗ್ಗಿಸಿದ. "ಡಾಕ್ಟ್ರು ನನಗೆ ಹೇಳಿದ್ರು. ನಿನಗೆ ಹೇಳಿದ್ರೆ ಹೆದರ್ತೀಯ ಅಂತ..."

"ಹೊಟ್ಟೆ ನಂದು. ಇನ್ನೊಂದು ಕೂಸು ಬೇಕು ನಂಗೆ. ಹೆದರೋದಿದ್ರೆ ನಾನೇ ಹೆದರ್ತೀನಿ ಬಿಡ್ರಿ!"

ಡಾಕ್ಟರನ್ನು ಕರೆತಂದೆ. "ಇಲ್ಲದ ಉಸಾಬರಿ ನಿಮಗ್ಯಾಕ ಸಿಸ್ಟರ್?" ಎಂದು ಗೊಣಗುತ್ತಲೇ ಬಂದವರು, ಅವಳ ಮುಖ ನೋಡಿ ಸ್ಟೂಲ್ ಎಳೆದು ಕುಳಿತರು. ಗರ್ಭಕೋಶದಲ್ಲಿ ಬೆಳೆದ ಗಂಟನ್ನಷ್ಟೇ ತೆಗೆಯಬಹುದು, ಆದರೆ ರಕ್ತ ಹೆಚ್ಚು ಹೋಗುತ್ತದೆ, ಗಂಟು ಮತ್ತೆ ಬೆಳೆದರೂ ಬೆಳೆದೀತು, ಕೈಮೀರಿದರೆ ಜೀವ ಉಳಿಸಲು ಗರ್ಭಕೋಶ ತೆಗೆಯಲೇಬೇಕು ಎಂದು ಬಿಡಿಸಿ ಹೇಳಿದರು. ಅವಳು ಎರಡೆರಡು ಸಲ ಕೇಳಿ ತಿಳಿದುಕೊಂಡಳು.

"ಆಗ್ಲಿ, ಗಂಟಷ್ಟೇ ತೆಗೀರಿ. ಕೈಮೀರಿದ್ರೆ ನಿಮ್ಮ ಮೇಲೆ ಭಾರ."

ಗಂಡ ಅಂಗಿಯ ತೋಳು ಮಡಚಿಕೊಂಡು ರಕ್ತ ಕೊಡಲು ಹೊರಟ.

ಹೊಸ ಪತ್ರ ಬರೆಸಿ ತಂದು, ಕನ್ನಡದಲ್ಲಿ ಸಾಲು ಸಾಲಾಗಿ ಹೇಳಿ ಮುಗಿಸಿ, ರೂಢಿ ಬಿಡಬೇಕಲ್ಲ, ಮತ್ತೆ ಶಾಯಿ ಪ್ಯಾಡು ಮುಂದಿಟ್ಟೆ.

"ಪೆನ್ನು ಕೊಡ್ರಿ. ಏಳನೇ ಕ್ಲಾಸ್ ಓದೀನಿ. ನೀವು ಕೇಳ್ಲೇ ಇಲ್ಲ."

ನಾಚಿಕೆಯಾಯಿತು. ಯಾಕೋ ಖುಷಿಯೂ ಆಯಿತು. ಅವತ್ತಿನಿಂದ ನಾನು ಪ್ಯಾಡಿಗಿಂತ ಮೊದಲು ಪೆನ್ನು ತೆಗೆಯುತ್ತಿದ್ದೆ, ಅದಕ್ಕೂ ಮೊದಲು ಓದುತ್ತಿದ್ದೆ.

ಮರುದಿನ ಆಪರೇಷನ್ ಮುಗಿದು ಮಂಪರು ಇಳಿಯುವಾಗ ಅವಳ ತುಟಿ ಅಲುಗಿತು. ಬಗ್ಗಿ ಕಿವಿಗೊಟ್ಟೆ.

"ಅಕ್ಕಾರೆ, ಐತಾ?"

"ಐತವ್ವ" ಎಂದೆ. "ನೀ ಹೇಳಿದಂಗೇ ಐತೆ."