ನೆಲಕ್ಕೆ ಬಿಟ್ಟ ಮೊದಲ ಗುಟುಕು

ಅಮೆರಿಕದ ಯೂನಿಯನ್ ಸಿಟಿಯ ಕ್ಯೂಬನ್ ಹೋಟೆಲಿನಲ್ಲಿ ಸಂಜೆಯ ಹಾಡು ಇನ್ನೂ ಶುರುವಾಗಿರಲಿಲ್ಲ. ಡ್ರಮ್ ಬಾರಿಸುವ ಅಜ್ಜ ಹೊಸ ರಮ್ ಬಾಟಲಿ ತೆರೆದು, ಮೊದಲ ಗುಟುಕನ್ನು ಮೂಲೆಯ ನೆಲಕ್ಕೆ ಸುರಿದ. ಜರ್ಸಿ ಸಿಟಿಯಿಂದ ನನ್ನನ್ನು ಕರೆತಂದಿದ್ದ ಧಾರವಾಡದ ಸುಧಾ ಆಂಟಿ, "ಪಾಪ, ಕೈ ನಡುಗಿ ಚೆಲ್ಲೇದ ನೋಡ್ರಿ" ಎನ್ನುತ್ತ ಟಿಶ್ಯೂ ಹಿಡಿದು ಬಗ್ಗಿಯೇಬಿಟ್ಟರು.

ಅಜ್ಜ ಅವರನ್ನು ತಡೆದು ಇಂಗ್ಲಿಷಿನಲ್ಲಿ ಹೇಳಿದ: "ಒರೆಸಬೇಡಮ್ಮ. ಅದು ಹವಾನಾದಲ್ಲಿ ತೀರಿಹೋದ ನನ್ನ ತಮ್ಮನ ಪಾಲು. ಕೊನೆಗೆ ಮುಖ ನೋಡಲೂ ಆಗಲಿಲ್ಲ. ಸತ್ತವರಿಗೆ ಕೊಡದೆ ನಾವು ಬಾರಿಸುವುದಿಲ್ಲ."

ಹಾಡು ಶುರುವಾಗಿ ಎಲ್ಲರೂ ಕುಣಿಯಲು ಎದ್ದರು. ಆಂಟಿ ನೀರಿನ ಲೋಟ ಹಿಡಿದು ಎದ್ದರು. "ವೀಸಾ ಗದ್ದಲದಾಗ ನಮ್ಮ ಅವ್ವನ ಮುಖಾ ನಾನೂ ನೋಡ್ಲಿಲ್ರಿ" ಎಂದವರೇ ಮೂಲೆಗೆ ಹೋಗಿ, ನೀರನ್ನು ಅಂಗೈಗೆ ಹಾಕಿಕೊಂಡು, ರಮ್ಮಿನ ಪಕ್ಕದಲ್ಲೇ ಹೆಬ್ಬೆರಳಿನ ಬದಿಯಿಂದ ಬಿಟ್ಟರು.