ನಾಲ್ಕು ಹೆಸರಿನ ಪೊಟ್ಟಣ

ಎಡ್ಗರ್ ಥರ್ಟಲ್‌ನನ್ನು ನಾನು ಮೊದಲು ಕಂಡದ್ದು 1974ರ ವ್ಯಾಲೆಂಟೈನ್ ಹಬ್ಬದ ಬೆಳಿಗ್ಗೆ. ನಾರ್‌ಫೋಕ್‌ನ ಈ ಪುಟ್ಟ ಪೇಟೆಯ ಶಾಲೆಗೆ ಆಗಷ್ಟೇ ವರ್ಗವಾಗಿ ಬಂದಿದ್ದೆ. ಸೈಕಲ್ಲಿನ ಬ್ರೇಕು ತೋರಿಸಲೆಂದು ಅವನ ಅಂಗಡಿಗೆ ಹೋದರೆ, ಕಂದು ಕಾಗದದ ಪೊಟ್ಟಣವೊಂದನ್ನು ಆತ ಗಡಿಬಿಡಿಯಿಂದ ಮೇಜಿನ ಕೆಳಗೆ ತಳ್ಳಿದ. ನನಗಿಂತ ಒಂದೆರಡು ವರ್ಷ ಚಿಕ್ಕವನು. ಕೆಂಪು ಕಿವಿ, ಕಡಿಮೆ ಮಾತು.

“ಮೇಷ್ಟ್ರೇ, ನಿಮ್ಮ ಪೂರ್ತಿ ಹೆಸರು?”

“ಬ್ರೇಕು ಸರಿಮಾಡೋಕೆ ಪೂರ್ತಿ ಹೆಸರು ಯಾಕಪ್ಪ?”

“ಚೀಟಿಗೆ” ಎಂದ. ಕಿವಿ ಇನ್ನಷ್ಟು ಕೆಂಪಾಯಿತು.

ಅಂದು ಸಂಜೆ ನನ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಅದೇ ಪೊಟ್ಟಣ, ಅದರ ಮೇಲೆ ನನ್ನ ಪೂರ್ತಿ ಹೆಸರು. ನಾರ್‌ಫೋಕ್ ಕಡೆ ವ್ಯಾಲೆಂಟೈನ್ ಸಂಜೆ ಉಡುಗೊರೆ ಕೊಡುವ ಕ್ರಮವೇ ಹಾಗೆ: ಇಟ್ಟು, ಬಡಿದು, ಓಡಬೇಕು. ಕೊಟ್ಟವನು ಸಿಕ್ಕಿಬೀಳಬಾರದು, ‘ನಾನೇ ಕೊಟ್ಟೆ’ ಎನ್ನಲೂಬಾರದು. ಮೇಲಿನ ಕಾಗದ ಬಿಚ್ಚಿದರೆ ಒಳಗೆ ಇನ್ನೊಂದು ಸುತ್ತು, ಅದರ ಮೇಲೆ ಪಕ್ಕದ ಬೀದಿಯ ಮುದುಕ ಲಾರ್ಟರನ ಹೆಸರು. ಬಿಚ್ಚಿದವರೇ ಮುಂದಿನ ಹೆಸರಿನವರಿಗೆ ತಲುಪಿಸಬೇಕು. ನಾನೂ ಲಾರ್ಟರನ ಬಾಗಿಲು ಬಡಿದು, ನನ್ನ ಶಾಲೆಯ ಹುಡುಗರಂತೆ ಓಡಿಬಂದೆ.

ಆ ಭಾನುವಾರ ಚರ್ಚಿನಲ್ಲಿ ಎಡ್ಗರ್ ಪ್ರಾರ್ಥನೆಯನ್ನು ಮರೆತು, ಮುಂದಿನ ಸಾಲಿನಲ್ಲಿದ್ದ ಉಣ್ಣೆ ಅಂಗಡಿಯ ವಿನಿಫ್ರೆಡ್‌ಳ ಕೈಗಳನ್ನೇ ನೋಡುತ್ತಿದ್ದ. ಹೊರಗೆ ಬಂದಾಗ ಅವನ ಮುಖ ಸುಣ್ಣದಂತೆ ಬಿಳುಚಿತ್ತು.

“ಪೊಟ್ಟಣ ನಿಂದೇ ಅಂತ ಗೊತ್ತು. ಏನಾಯ್ತು ಹೇಳು ಮಾರಾಯ” ಎಂದೆ.

“ಒಳಗೆ ಕೈಗವಸು ಇಟ್ಟಿದ್ದೆ, ಮೇಷ್ಟ್ರೇ. ಅದನ್ನ ಹಾಕ್ಕೊಂಡು ಚರ್ಚಿಗೆ ಬಂದ್ರೆ ಮದುವೆಗೆ ಒಪ್ಪಿಗೆ ಅಂತ. ಹಿಂದಿನೋರು ಹಂಗೇ ಅಲ್ವಾ ಕೇಳ್ತಿದ್ದಿದ್ದು? ಬರಿಗೈಲಿ ಬಂದಿದಾಳೆ. ಬಿಡಿ, ನಾಳೆ ಅಂಗಡಿ ಮುಚ್ಚಿ ಲಿಂಕನ್‌ಗೆ ಅಣ್ಣನ ಹತ್ರ ಹೋಗ್ಬಿಡ್ತೀನಿ.”

“ಮೊದಲು ಅವಳಿಗೆ ತಲುಪಿದೆಯೇನೋ? ಲಾರ್ಟರ್ ಆದ್ಮೇಲೆ ಯಾರ ಹೆಸರು ಬರೆದಿದ್ದೆ?”

“ಅವರ ಪಕ್ಕದ್ಮನೆ ಹಿಲ್ಡಮ್ಮಂದು, ಆಮೇಲೆ ವಿನಿದು...” ಎಂದವನು ಹಣೆ ಚಚ್ಚಿಕೊಂಡ. “ಅಯ್ಯೋ ನನ್ನ ಬುದ್ಧಿಗಿಷ್ಟು! ಲಾರ್ಟರ್‌ಗೂ ಹಿಲ್ಡಮ್ಮಂಗೂ ಆರು ವರ್ಷದಿಂದ ಮಾತೇ ಇಲ್ಲ!”

ಲಾರ್ಟರನ ಕೋಳಿಗಳು ಹಿಲ್ಡಾಳ ಕೋಸಿನ ಸಸಿಗಳನ್ನು ತಿಂದು ಮುಗಿಸಿದ್ದವಂತೆ. ಎಡ್ಗರನೇ ಹೋಗಿ ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಇನ್ನೊಂದು ಭಾನುವಾರ ಕಾಯಲು ಅವನಿಗೆ ಹೇಳಿ ನಾನೇ ಹೋದೆ. ಪೊಟ್ಟಣ ಲಾರ್ಟರನ ಗಡಿಯಾರದ ಪಕ್ಕದಲ್ಲಿ ಹಾಯಾಗಿ ಕುಳಿತಿತ್ತು.

“ಆ ಹೆಂಗಸಿನ ಹತ್ರ ನಾನು ಮಾತಾಡಲ್ಲ” ಎಂದ ಮುದುಕ.

“ಮಾತಾಡಿ ಅಂದೋರು ಯಾರು? ಇಟ್ಟು, ಬಡಿದು, ಓಡಿ. ಕ್ರಮ ಅಷ್ಟೇ ತಾನೆ?”

ಮುದುಕ ಗಲ್ಲ ಕೆರೆದುಕೊಂಡ. “ಹೌದಲ್ರೀ!”

ಟೋಪಿ ಏರಿಸಿಕೊಂಡು ಹೊರಟ. ಬಡಿದ. ಓಡಿದ ಕೂಡ, ಆದರೆ ಎಪ್ಪತ್ತೆರಡರ ಮೊಣಕಾಲು ಬೇಲಿಯವರೆಗೆ ಮಾತ್ರ ಸಹಕರಿಸಿತು. ಬಾಗಿಲು ತೆರೆದ ಹಿಲ್ಡಾಳಿಗೆ ಕಂಡದ್ದು ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡ ಕೋಟು, ಅದರೊಳಗೆ ಲಾರ್ಟರ್.

“ಕೋಳಿ ಆಯ್ತು, ಈಗ ಯಜಮಾನರೇ ಬಂದ್ರಾ ಮೇಯೋಕೆ?”

“ಬೈಯೋದು ಆಮೇಲೆ ಬೈಯಿ ತಾಯಿ, ಮೊದ್ಲು ಕೋಟು ಬಿಡಿಸು!”

ಬಿಡಿಸಿದಳು, ಒಳಗೆ ಕರೆದು ಚಹಾ ಕೂಡ ಕೊಟ್ಟಳು. ಸಂಜೆಯೊಳಗೆ ಪೊಟ್ಟಣ ವಿನಿಫ್ರೆಡ್‌ಳ ಮೆಟ್ಟಿಲು ಸೇರಿತು.

ಮರುಭಾನುವಾರ ವಿನಿಫ್ರೆಡ್ ಬೂದುಬಣ್ಣದ ಕೈಗವಸು ತೊಟ್ಟು ಬಂದಳು. ತನ್ನ ಸಾಲಿಗೆ ಹೋಗದೆ ನೇರವಾಗಿ ಎಡ್ಗರನ ಪಕ್ಕದಲ್ಲಿ ಕುಳಿತಳು. ಕೊಟ್ಟವನು ಯಾರೆಂದು ಹೇಗೆ ತಿಳಿಯಿತೆಂದು ಆಮೇಲೆ ನಾನು ಕೇಳಿದೆ.

“ಕೈಗವಸಿನ ಹೆಬ್ಬೆರಳಿಗೆ ಸೈಕಲ್ ಚೈನಿನ ಎಣ್ಣೆ ಮೆತ್ತಿತ್ತು, ಮೇಷ್ಟ್ರೇ. ಊರಲ್ಲಿ ಇನ್ಯಾರಿದಾರೆ ಇಂಥ ಗಲೀಜು ಗಂಡು?” ಎಂದಳು. ಎಡ್ಗರ್ ನಗುತ್ತಾ ನಿಂತಿದ್ದ.

ಈಗ ಅವನಿಗೆ ಎಪ್ಪತ್ತೆಂಟು. ಸೈಕಲ್ ಅಂಗಡಿಯನ್ನು ಮಾರಿಯಾಗಿದೆ. ಕ್ರಿಸ್‌ಮಸ್ ಮುಗಿದೊಡನೆ ಅಡುಗೆಮನೆಯ ಮೇಜಿನ ತುಂಬ ಕಂದು ಕಾಗದ ಹರಡಿಕೊಂಡು ಕೂರುತ್ತಾನೆ. ಅವನು ಸುತ್ತುತ್ತಾನೆ, ವಿನಿ ದಾರ ಕಟ್ಟುತ್ತಾಳೆ. ಗಂಟು ಸಡಿಲವೆಂದು ಇಬ್ಬರಿಗೂ ವಾದ. ಮೊನ್ನೆ ಹೋದಾಗ ಲೇಖನಿ ಹಿಡಿದು ನನ್ನನ್ನೇ ಕಾಯುತ್ತಿದ್ದ.

“ಮೇಷ್ಟ್ರೇ, ಈ ವರ್ಷ ನಿಮ್ಮ ಬೀದೀಲಿ ಯಾರ್ಯಾರಿಗೆ ಮಾತಿಲ್ಲ?”

ಇಬ್ಬರ ಹೆಸರು ಹೇಳಿದೆ. ಒಂದರ ಕೆಳಗೊಂದು ಬರೆದುಕೊಂಡ.