ಟವೆಲ್ಲುಗಳ ನಡುವಿನ ಕ್ಯಾಸೆಟ್ಟು

ಬಾಗಿಲು ತೆರೆದೊಡನೆ ಇರ್ಮೆಲಿಯ ಮೂಗಿಗೆ ಕಾದ ಮರದ ವಾಸನೆ ಬಡಿಯಿತು. ಅದರ ಹಿಂದೆಯೇ ಸುಟ್ಟ ಧೂಳಿನ ವಾಸನೆ. ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಳಿಗಾಲದ ಕೋಟುಗಳು, ಗಂಡುಮಕ್ಕಳಿಬ್ಬರೂ ಬಿಟ್ಟುಹೋದ ಸ್ಕೀಗಳು, ಲಿಂಗೊನ್ ಹಣ್ಣಿನ ಜಾಮ್ ಬಾಟಲಿಗಳು, ಹೊಲಿಗೆಯಂತ್ರದ ಮುಚ್ಚಳ. ನಾಲ್ಕು ವರ್ಷಗಳಿಂದ ಸ್ನಾನದ ಮನೆಯ ಪಕ್ಕದ ಸೌನಾದೊಳಗೆ, ಬೆವರಿಳಿಸಲೆಂದು ಕಾಯಿಸುವ ಆ ಮರದ ಕೋಣೆಯೊಳಗೆ, ಅವಳು ಜೋಡಿಸಿಟ್ಟಿದ್ದ ಸಾಮಾನೆಲ್ಲ ಹೊರಗೆ ಬಿದ್ದಿತ್ತು.

"ಎನ್ಸಿಯೊ, ಸೌನಾ ಹಾಕಿದೀಯಾ?"

ಅಡುಗೆಮನೆಯಿಂದ ಗಂಡನ ಉತ್ತರ ಬಂತು. ದನಿಯಲ್ಲಿ ಹೆಮ್ಮೆಯಿತ್ತು. "ಹಾಕಿದೀನಿ ಅಮ್ಮಾ. ಕೆಳಗಡೆ ಇಡೀ ಬಿಲ್ಡಿಂಗಿನವರಿಗಿರೋ ಸೌನಾನ ಪೈಪ್ ರಿಪೇರಿ ಅಂತ ಮುಚ್ಚಿದಾರಲ್ಲ. ಇವತ್ತು ಶನಿವಾರ, ಸೌನಾ ಇಲ್ದೆ ಆಗುತ್ತಾ. ನಿನ್ನ ಕೈಲಿ ಹೇಳಿಸ್ಕೊಳ್ಳೋದ್ಯಾಕೆ ಅಂತ ನಾನೇ ಖಾಲಿ ಮಾಡಿ ಹಾಕ್ದೆ. ಮುಕ್ಕಾಲು ಗಂಟೆ ಆಯ್ತು, ಎಂಬತ್ತು ಡಿಗ್ರಿ ಮುಟ್ಟಿರ್ಬೇಕು."

ಮಕ್ಕಳು ಮನೆ ಬಿಟ್ಟು ಇಪ್ಪತ್ತು ವರ್ಷವಾದರೂ ಅವನ ಬಾಯಲ್ಲಿ ಅವಳು ಅಮ್ಮನಾಗಿಯೇ ಉಳಿದಿದ್ದಳು.

"ಮೇಲಿನ ಹಲಗೆ ಮೇಲೆ ಟವೆಲ್ಲಿನ ಅಟ್ಟಿ ಇತ್ತಲ್ಲ, ಅದೆಲ್ಲಿ?"

"ಅಲ್ಲೇ ಇದೆ. ಟವೆಲ್ಲು ಸೌನಾದಲ್ಲಿ ಇರದೆ ಇನ್ನೆಲ್ಲಿರುತ್ತೆ?"

ಇರ್ಮೆಲಿ ಬೂಟು ಬಿಚ್ಚಲಿಲ್ಲ. ಕೋಟುಗಳನ್ನು ತುಳಿದುಕೊಂಡೇ ಓಡಿದಳು. ಸೌನಾದ ಬಾಗಿಲು ತೆರೆದರೆ ಒಲೆಯ ಬಾಯಿಯಂಥ ಬಿಸಿ ಮುಖಕ್ಕೆ ರಾಚಿತು. ಮೇಲಿನ ಹಲಗೆಯ ಮೂಲೆಯಲ್ಲಿ ನಾರಿನ ಟವೆಲ್ಲುಗಳು ಅವಳು ಮಡಚಿಟ್ಟಂತೆಯೇ ಅಚ್ಚುಕಟ್ಟಾಗಿದ್ದವು. ಮೇಲಿನಿಂದ ಆರನೆಯದರ ಮಡಿಕೆಯೊಳಗೆ ಕೈ ಹಾಕಿದಳು. ಕ್ಯಾಸೆಟ್ಟು ಸಿಕ್ಕಿತು. ಬೆರಳು ಚುರುಕ್ಕೆಂದಿತು. ಅದರ ಪ್ಲಾಸ್ಟಿಕ್ ಮೈ ಒಂದು ಕಡೆ ಹಪ್ಪಳದಂತೆ ಸೊಟ್ಟಗಾಗಿತ್ತು.

ಆ ಕ್ಯಾಸೆಟ್ಟಿನಲ್ಲಿದ್ದುದು 'ಹನ್ನೆರಡು ಮಗ್ಗ' ಎಂಬ ಕಂಪ್ಯೂಟರ್ ಆಟ. ಜಗತ್ತಿನಲ್ಲಿ ಅದರ ಪ್ರತಿ ಇದ್ದುದು ಅದೊಂದೇ. ಅದರ ಮೊದಲ ಪರದೆಯ ಫೋಟೊ ಮೂರು ಗಂಟೆಯೊಳಗೆ ಊರಿನ ಗ್ರಂಥಾಲಯ ತಲುಪಬೇಕಿತ್ತು. ಗೋಡೆಯ ಗಡಿಯಾರ ಹನ್ನೆರಡು ಮುಕ್ಕಾಲು ತೋರಿಸುತ್ತಿತ್ತು.

ಇರ್ಮೆಲಿ ಕುಯಿವಾಲಾ ಹದಿನೇಳನೆಯ ವಯಸ್ಸಿಗೆ ಫೋರ್ಸ್ಸಾ ಊರಿನ ಹತ್ತಿ ಗಿರಣಿ ಸೇರಿದವಳು. ಒಬ್ಬಳೇ ಹನ್ನೆರಡು ಮಗ್ಗ ನೋಡಿಕೊಳ್ಳುತ್ತಿದ್ದಳು. ಯಾವ ಮಗ್ಗದಲ್ಲಿ ಎಳೆ ಕಡಿಯಿತೆಂದು ಆ ಗದ್ದಲದಲ್ಲೂ ಅವಳ ಕಿವಿಗೆ ಗೊತ್ತಾಗುತ್ತಿತ್ತು. ಎಂಬತ್ತಾರರ ಕ್ರಿಸ್‌ಮಸ್ಸಿಗೆ ಹುಡುಗರಿಗೆಂದು ಮನೆಗೆ ಕಮೊಡೋರ್ ಕಂಪ್ಯೂಟರು ಬಂತು. ಕಂಪ್ಯೂಟರ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಅಚ್ಚಾಗುತ್ತಿದ್ದ ಆಟಗಳನ್ನು ಸಾಲು ಸಾಲಾಗಿ ಟೈಪ್ ಮಾಡಬೇಕಿತ್ತು. ಹುಡುಗರು ಹತ್ತು ಸಾಲಿಗೆ ಸುಸ್ತಾಗಿ ಹೊರಗೆ ಓಡುತ್ತಿದ್ದರು. ಉಳಿದದ್ದನ್ನು ಅಮ್ಮ ಹೊಡೆಯುತ್ತಿದ್ದಳು, ಮನೆಯಲ್ಲಿ ಉಳಿದ ಎಲ್ಲ ಕೆಲಸದ ಹಾಗೆ. ಹೊಡೆಯುತ್ತ ಹೊಡೆಯುತ್ತ ಯಾವ ಸಾಲು ಏನು ಮಾಡುತ್ತದೆಂದು ತಿಳಿಯಿತು. ನೇಯ್ಗೆಯ ನಕ್ಷೆ ಓದಬಲ್ಲವಳಿಗೆ ಅದೇನು ಬ್ರಹ್ಮವಿದ್ಯೆಯಲ್ಲ. ಆಲೂಗಡ್ಡೆ ಬೇಯುವ ಅರ್ಧ ಗಂಟೆ, ಅಂಥ ಅರ್ಧ ಗಂಟೆಗಳನ್ನು ಒಂದು ವರ್ಷ ಕೂಡಿಸಿ ತನ್ನದೇ ಆಟವೊಂದನ್ನು ಕಟ್ಟಿದಳು.

ಊರಿನ ಕಂಪ್ಯೂಟರ್ ಸಂಘದ ಸದಸ್ಯತ್ವ ಇದ್ದದ್ದು ಎನ್ಸಿಯೊನ ಹೆಸರಿನಲ್ಲಿ. ಆಟದ ವಿವರವೂ ಅಲ್ಲಿಗೆ ಅದೇ ಹೆಸರಿನಲ್ಲಿ ಹೋಯಿತು. ಸಂಘದ ಪತ್ರಿಕೆಯಲ್ಲಿ ಅವನ ಹೆಸರೇ ಅಚ್ಚಾಯಿತು. ಜನ ಅವನ ಬೆನ್ನು ತಟ್ಟಿದರು. ಮೊದಲ ಸಲ ಅವನು ಮುಜುಗರಪಟ್ಟ, ಎರಡನೆಯ ಸಲ ನಕ್ಕ, ಹತ್ತನೆಯ ಸಲದ ಹೊತ್ತಿಗೆ ತಾನೇ ಮಾಡಿದ್ದೆಂದು ನಂಬಿಯೂ ಬಿಟ್ಟ. ಮರುವರ್ಷ ಆಟದ ಒಂದು ಪ್ರತಿಯ ಮೇಲೆ ರೇಡಿಯೊದ ಅಕಾರ್ಡಿಯನ್ ಸಂಗೀತ ರೆಕಾರ್ಡ್ ಮಾಡಿಕೊಂಡು ಆಟವನ್ನೇ ಅಳಿಸಿಬಿಟ್ಟ. ಅಂದಿನಿಂದ ಇರ್ಮೆಲಿ ಉಳಿದ ಪ್ರತಿಯನ್ನು ಟವೆಲ್ಲುಗಳ ನಡುವೆ ಇಟ್ಟಳು. ಆ ಮನೆಯಲ್ಲಿ ಅವಳ ಕೈ ಬಿಟ್ಟು ಬೇರೆ ಕೈ ತಾಕದ ಜಾಗವೆಂದರೆ ಅದೊಂದೇ. ಮನೆ ಬದಲಾಯಿತು, ಟವೆಲ್ಲಿನ ಅಟ್ಟಿ ಜೊತೆಗೆ ಬಂತು. ಸೌನಾ ಉಗ್ರಾಣವಾದ ಮೇಲೆ ಅಟ್ಟಿಯೂ ಅಲ್ಲಿಗೆ ಹೋಯಿತು.

ಗಿರಣಿ ಮುಚ್ಚಿ, ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸವೂ ಮುಗಿದು ನಿವೃತ್ತಳಾದ ಮೇಲೆ ಅವಳು ಹಳೆಯ ಆಟಗಳನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸಿಕೊಡುವವಳೆಂದು ಊರಿಗೆಲ್ಲ ಗೊತ್ತಾಗಿದ್ದಳು. ಜನ ಕ್ಯಾಸೆಟ್ಟುಗಳ ಚೀಲವನ್ನು ಬಾಗಿಲ ಹಿಡಿಗೆ ನೇತುಹಾಕಿ ಹೋಗುತ್ತಿದ್ದರು. ಎಲ್ಲರದನ್ನೂ ಮಾಡಿಕೊಟ್ಟವಳು ತನ್ನದನ್ನು ಮುಟ್ಟಿರಲಿಲ್ಲ. ಮುಟ್ಟಿದರೆ ಪರದೆಯ ಮೇಲೆ ಒಂದು ಹೆಸರು ಬರುತ್ತದೆ, ಅದರ ಹಿಂದೆ ಒಂದು ಜಗಳ ಬರುತ್ತದೆ.

ಜಗಳ ಇವತ್ತು ತಾನಾಗಿಯೇ ಬಂದಿತ್ತು. ಊರಿನವರು ಮಾಡಿದ ಹಳೆಯ ಆಟಗಳ ಪ್ರದರ್ಶನ ಸೋಮವಾರ ಗ್ರಂಥಾಲಯದಲ್ಲಿ ಶುರುವಾಗಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ವಿಲ್ಮಾ ಎಂಬ ಹುಡುಗಿ ಬೆಳಿಗ್ಗೆ ಫೋನ್ ಮಾಡಿ, ಎನ್ಸಿಯೊ ಜೊತೆ ಮಾತಾಡಿ, ಆಮೇಲೆ ಇರ್ಮೆಲಿಯನ್ನು ಕೇಳಿದ್ದಳು. ಆಟ ತನ್ನದೆಂದು ಇರ್ಮೆಲಿ ಹೇಳಿದಾಗ ಹೀಗೆಂದಿದ್ದಳು: "ನಿಮ್ಮ ಮಾತು ಸುಳ್ಳು ಅಂತ ನಾನು ಅಂತಿಲ್ಲ. ಆದ್ರೆ ಪತ್ರಿಕೇಲಿ ಅವರ ಹೆಸರಿದೆ, ಅವರೂ ನನ್ನದೇ ಅಂದ್ರು. ಆಟ ಶುರುವಾಗೋ ಪರದೇಲಿ ನಿಮ್ಮ ಹೆಸರಿದ್ರೆ ಫೋಟೊ ಕಳಿಸಿ. ಮೂರು ಗಂಟೆಗೆ ಹೆಸರಿನ ಫಲಕ ಅಚ್ಚಿಗೆ ಹೋಗುತ್ತೆ."

ಕ್ಯಾಸೆಟ್ ಪ್ಲೇಯರಿನೊಳಗೆ ಟೇಪು ಓದುವ ತಲೆಯನ್ನು ಒರೆಸಲು ಸ್ಪಿರಿಟ್ ತರಲೆಂದು ಇರ್ಮೆಲಿ ಔಷಧಿ ಅಂಗಡಿಗೆ ಹೋದಳು. ಅಷ್ಟರಲ್ಲಿ ಹೀಗಾಗಿತ್ತು.

ಅವಳು ಕ್ಯಾಸೆಟ್ಟನ್ನು ಅಡುಗೆಮನೆಯ ಮೇಜಿನ ಮೇಲೆ, ಬಟ್ಟೆಯ ಮೇಲಿಟ್ಟಳು. ಬಿಸಿ ಆರುವ ತನಕ ಬಿಚ್ಚುವಂತಿಲ್ಲ. ಕಿಟಕಿ ತೆರೆದು ಹಿಮದ ಹತ್ತಿರ ಹಿಡಿಯೋಣವೆಂದರೆ ಟೇಪಿಗೆ ನೀರು ಹಿಡಿದೀತು. ಕಾಯಬೇಕು. ಕೂತು ಕಾದಳು. ಎದುರಿಗೆ ಎನ್ಸಿಯೊ ಹಳದಿ ತೂಗುಕುರ್ಚಿಯಲ್ಲಿ ಪೇಪರ್ ಹಿಡಿದಿದ್ದ. ಓದುತ್ತಿರಲಿಲ್ಲ.

"ಬೇಕೂಂತ ಮಾಡಿದ್ಯಾ?" ಎಂದಳು.

ಅವನು ಪೇಪರ್ ಇಳಿಸಿದ. "ನಲವತ್ತು ವರ್ಷ ಸಂಸಾರ ಮಾಡಿ ಹೀಗೆ ಕೇಳ್ತೀಯಲ್ಲ."

"ಕೇಳ್ತಿದೀನಿ. ಹೇಳು."

"ಆ ಟವೆಲ್ಲಿನ ಅಟ್ಟೀನ ನಾನು ಒಂದಿನಾನೂ ಮುಟ್ಟಿದೋನಲ್ಲ. ಅದರೊಳಗೆ ಏನಿಟ್ಟಿದೀಯ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಆ ಮಾತು ನಿಜವೆಂದು ಅವಳಿಗೆ ಗೊತ್ತಿತ್ತು. ಅವನ ಮೇಲಿನ ಅನುಮಾನ ಅಲ್ಲಿಗೇ ಹೋಯಿತು. ಸಿಟ್ಟು ಮಾತ್ರ ಇನ್ನಷ್ಟು ಆಯಿತು.

"ಇಬ್ಬರೂ ಸೇರಿ ಮಾಡಿದ್ದು ಅಂತ ಹಾಕ್ಸಿದ್ರೆ ಮುಗಿದುಹೋಗ್ತಿತ್ತು," ಎಂದ ಎನ್ಸಿಯೊ. "ನಾನೂ ಏನೋ ಮಾಡಿದ ನೆನಪು."

"ಏನು ಮಾಡಿದ್ದೆ?"

ಅವನು ಯೋಚಿಸಿದ. ಬಹಳ ಹೊತ್ತು ಯೋಚಿಸಿದ. "ಒಂದ್ಸಲ ಕಾಫಿ ಮಾಡ್ಕೊಟ್ಟಿದ್ದೆ."

ಒಂದು ಹತ್ತಕ್ಕೆ ಕ್ಯಾಸೆಟ್ಟು ತಣ್ಣಗಾಯಿತು. ಇರ್ಮೆಲಿ ಕಪಾಟಿಗೆ ಹೋಗಿ ಗಂಡನ ಅಕಾರ್ಡಿಯನ್ ಕ್ಯಾಸೆಟ್ಟು ತಂದಳು. ಎರಡೂ ಅವಳೇ ಒಂದೇ ಪೊಟ್ಟಣದಲ್ಲಿ ಕೊಂಡಿದ್ದ ಜೋಡಿ.

"ಅದ್ಯಾಕೆ ಬಿಚ್ತಿದೀಯ? ಅದು ನಂದು."

"ಇದರ ಮೈ ನೆಟ್ಟಗಿದೆ. ನಂದರ ಮೈ ಸೊಟ್ಟಗಾಗಿದೆ. ಒಳಗಿನ ಟೇಪು ಬದಲಾಯಿಸ್ಬೇಕು."

"ಆಮೇಲೆ ನನ್ನ ಸಂಗೀತ?"

ಅವಳು ಐದು ಪುಟ್ಟ ತಿರುಪು ಬಿಚ್ಚಿ, ಅಕಾರ್ಡಿಯನ್ನಿನ ಟೇಪನ್ನು ತೆಗೆದು ಸಕ್ಕರೆ ಬಟ್ಟಲಿನ ಪಕ್ಕ ಇಟ್ಟಳು. ತನ್ನ ಕ್ಯಾಸೆಟ್ಟಿನ ತಿರುಪುಗಳು ತಿರುಗಲಿಲ್ಲ. ಕರಗಿದ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿದ್ದವು. ಆಲೂಗಡ್ಡೆ ಸುಲಿಯುವ ಚಾಕುವಿನ ತುದಿಯಿಂದ ಅಂಚು ಬಿಡಿಸಬೇಕಾಯಿತು. ಚಾಕು ಕೂದಲೆಳೆಯಷ್ಟು ಒಳಗೆ ಜಾರಿದರೂ ಟೇಪು ಕತ್ತರಿಸುತ್ತದೆ. ಉಸಿರು ಹಿಡಿದು ಸುತ್ತಲೂ ಬಂದಳು. ಟಪ್ಪೆಂದು ಬಾಯಿ ಬಿಟ್ಟಿತು. ಎಡಗಡೆ ಸುರುಳಿಯ ಹೊರಗಿನ ಕೆಲವು ಸುತ್ತುಗಳು ಬಿಸಿಗೆ ಅಲೆಯಲೆಯಾಗಿದ್ದವು. ಒಳಗಿನದು ಕನ್ನಡಿಯಂತೆ ಸಪಾಟಾಗಿತ್ತು. ಕಡಿದ ಎಳೆಗೆ ಗಂಟು ಹಾಕಿ ಪಳಗಿದ ಬೆರಳುಗಳು ಟೇಪನ್ನು ಹೊಸ ಮೈಯೊಳಗೆ ಹಾಯಿಸಿ, ತಿರುಪು ಬಿಗಿದು ಮುಗಿಸಿದಾಗ ಎರಡು ಗಂಟೆಗೆ ಐದು ನಿಮಿಷವಿತ್ತು.

ಪ್ಲೇಯರಿನಿಂದ ಒಂದು ತಂತಿ ಕಂಪ್ಯೂಟರಿಗೆ ಹೋಗಿತ್ತು. ಟೇಪಿನ ಸದ್ದನ್ನು ಕಂಪ್ಯೂಟರು ಕೇಳಿ ಬರೆದುಕೊಳ್ಳಬೇಕು. ಆಮೇಲೆ ಹಳೆಯ ಯಂತ್ರದ ವೇಷ ಹಾಕುವ ಒಂದು ಪ್ರೋಗ್ರಾಮು ಅದನ್ನು ಆಟವಾಗಿ ಓಡಿಸಬೇಕು. ಗುಂಡಿ ಒತ್ತಿದಳು. ಕೀಚು ದನಿಯ ಸಿಳ್ಳೆ ಎದ್ದು, ತೊದಲಿ, ನೀರಿನಡಿ ಮುಳುಗಿದಂತಾಗಿ ಮತ್ತೆ ಎದ್ದಿತು. ಪರದೆಯ ಮೇಲೆ ತಪ್ಪು ಎಂಬ ಒಂದು ಸಾಲು ಮೂಡಿತು.

ಪ್ಲೇಯರಿನ ತಲೆಯ ಪಕ್ಕದ ತಿರುಪನ್ನು ಒಂದೆಳೆ ತಿರುಗಿಸಿದಳು. ಸಿಳ್ಳೆ ಚುರುಕಾಯಿತು. ಮತ್ತೆ ತಪ್ಪು. ಇನ್ನೊಂದೆಳೆ ತಿರುಗಿಸಿದಳು. ಅದಕ್ಕೂ ತಪ್ಪು. ಗಂಟೆ ಎರಡು ಹದಿನೇಳಾಯಿತು. ಸೌನಾದ ಬಿಸಿ ಅಡುಗೆಮನೆಯ ತನಕ ಬಂದು ಅವಳ ಕತ್ತಿನಲ್ಲಿ ಬೆವರಾಗಿ ಇಳಿಯುತ್ತಿತ್ತು.

"ಆಯ್ತಲ್ಲ ಅಮ್ಮಾ, ಬಿಡು," ಎಂದ ಎನ್ಸಿಯೊ. ದನಿ ಮೆತ್ತಗಿತ್ತು. "ಸತ್ತುಹೋಗಿದೆ ಅದು. ಯಾರ ಹೆಸರಾದ್ರೇನು, ಮನೆ ಒಂದೇ ಅಲ್ವಾ."

ಅವಳ ಕೈ ತಿರುಪಿನ ಮೇಲೆಯೇ ನಿಂತಿತು. ಬಿಡುವುದು ಸುಲಭವಿತ್ತು. ಇಷ್ಟು ವರ್ಷ ಬಿಟ್ಟಿದ್ದಳಲ್ಲ. ಕೆಟ್ಟ ಸುತ್ತುಗಳು ಹೊರಗಿನವು, ಆಟ ಶುರುವಾಗುವುದೂ ಅಲ್ಲಿಂದಲೇ. ಗಿರಣಿಯಲ್ಲಿ ನೂಲಿನ ಉಂಡೆ ಎಣ್ಣೆಗೆ ಬಿದ್ದರೆ ಏನು ಮಾಡುತ್ತಿದ್ದರು? ಮೇಲಿನ ಪದರ ಬಿಸಾಕಿ ಒಳಗಿನಿಂದ ಶುರು ಮಾಡುತ್ತಿದ್ದರು.

ಒಳಗಿನಿಂದ.

ಆಗಿನ ಕಾಲದಲ್ಲಿ ಯಾರೂ ಒಂದೇ ಪ್ರತಿಯನ್ನು ನಂಬುತ್ತಿರಲಿಲ್ಲ. ಕ್ಯಾಸೆಟ್ಟು ತಿರುವಿ ಇನ್ನೊಂದು ಬದಿಗೂ ಅದೇ ಆಟವನ್ನು ಇನ್ನೊಮ್ಮೆ ತುಂಬುತ್ತಿದ್ದರು. ಆ ಬದಿಯ ಮೊದಲು ಎಂದರೆ ಈ ಬದಿಯ ಕೊನೆ. ಅದು ಸುರುಳಿಯ ಹೊಟ್ಟೆಯಲ್ಲಿ, ನಡುಗಂಬಕ್ಕೆ ಅಂಟಿಕೊಂಡು, ಎಲ್ಲಕ್ಕಿಂತ ತಂಪಾದ ಜಾಗದಲ್ಲಿರುತ್ತದೆ.

ಟೇಪನ್ನು ಕೊನೆಯ ತನಕ ಓಡಿಸಿ, ಕ್ಯಾಸೆಟ್ಟು ತಿರುವಿ ಹಾಕಿದಳು. ಎರಡು ಇಪ್ಪತ್ತಮೂರು. ಸಿಳ್ಳೆ ಎದ್ದಿತು. ಈ ಸಲ ತೊದಲಲಿಲ್ಲ. ಮಗ್ಗದ ಸದ್ದು ಕೇಳುತ್ತಿದ್ದ ಕಿವಿಯಿಂದಲೇ ಅವಳು ಪ್ರತಿಯೊಂದು ಎಳೆಯನ್ನೂ ಕೇಳಿದಳು. ಒಂದು ನಿಮಿಷ. ಮೂರು ನಿಮಿಷ. ಎನ್ಸಿಯೊ ಕುರ್ಚಿ ಬಿಟ್ಟೆದ್ದು ಅವಳ ಬೆನ್ನ ಹಿಂದೆ ಬಂದು ನಿಂತ. ಏಳು ನಿಮಿಷ. ಸದ್ದು ನಿಂತಿತು. ಪರದೆ ಕಪ್ಪಾಯಿತು, ಕಪ್ಪಾಗಿಯೇ ಉಳಿಯಿತು. ಆಮೇಲೆ ನೀಲಿಯಾಯಿತು.

ಹನ್ನೆರಡು ಮಗ್ಗ. ಮಾಡಿದವರು ಇರ್ಮೆಲಿ ಕುಯಿವಾಲಾ, ಫೋರ್ಸ್ಸಾ, 1987.

ಅವಳು ಫೋನಿನಲ್ಲಿ ತೆಗೆದ ಮೊದಲ ಫೋಟೊ ಮಸುಕಾಯಿತು. ಎರಡನೆಯದು ಸರಿಯಾಗಿ ಬಂತು. ಕಳಿಸಿದಳು. ಎರಡು ಮೂವತ್ತನಾಲ್ಕು.

ಆಮೇಲೆ ಆಟ ಶುರು ಮಾಡಿದಳು. ಎನ್ಸಿಯೊ ಪರದೆಯನ್ನೇ ನೋಡುತ್ತಿದ್ದ. ಎಡಗಡೆ ಗಿರಣಿಯ ಮಗ್ಗಗಳು, ಬಲಗಡೆ ಅಡುಗೆಮನೆಯ ಒಲೆ. ತಲೆಗೆ ಬಟ್ಟೆ ಕಟ್ಟಿದ ಪುಟ್ಟ ಹೆಂಗಸು ಎಳೆ ಕಡಿದರೆ ಆ ಕಡೆಗೆ, ಪಾತ್ರೆ ಉಕ್ಕಿದರೆ ಈ ಕಡೆಗೆ ಓಡಬೇಕು. ನಟ್ಟನಡುವೆ ಹಳದಿ ತೂಗುಕುರ್ಚಿ. ಅದರಲ್ಲಿ ಪೇಪರ್ ಹಿಡಿದ ಗಂಡಸು.

"ಈ ಕುರ್ಚಿಯೋನು ಏನು ಮಾಡ್ತಾನೆ?"

"ಏನೂ ಮಾಡಲ್ಲ."

"ಕೊನೇವರೆಗೂ?"

"ಕೊನೇವರೆಗೂ. ಪ್ರತಿ ಸಲ ಅವನನ್ನ ಸುತ್ತಿ ಹೋಗ್ಬೇಕು. ಆಟ ಕಷ್ಟ ಆಗೋದೇ ಅವನಿಂದ." ಇರ್ಮೆಲಿ ಕನ್ನಡಕ ತೆಗೆದು ಒರೆಸಿಕೊಂಡಳು. "ಇಬ್ಬರೂ ಸೇರಿ ಅಂದ್ಯಲ್ಲ. ನೋಡ್ಕೋ, ನೀನೂ ಇದೀಯ."

ಅವನು ನಗಲಿಲ್ಲ. ಹೆಂಗಸು ಕುರ್ಚಿಯನ್ನು ನಾಲ್ಕು ಸಲ ಸುತ್ತುವುದನ್ನು ನೋಡಿದ. ಐದನೆಯ ಸಲಕ್ಕೆ ಪಾತ್ರೆ ಉಕ್ಕಿತು. "ನಾನು ಮಾಡಿದ್ದಾಗಿದ್ರೆ ಅವನನ್ನ ಅಲ್ಲಿ ಕೂರಿಸ್ತಿರ್ಲಿಲ್ಲ," ಎಂದ ಮೆಲ್ಲಗೆ.

ಅಷ್ಟರಲ್ಲಿ ಫೋನು ರಿಂಗಾಯಿತು. ಇರ್ಮೆಲಿ ಅದನ್ನು ಅವನ ಕೈಗೇ ಕೊಟ್ಟಳು.

"ಫೋಟೊ ಬಂತು," ಎಂದಳು ವಿಲ್ಮಾ. "ಫಲಕ ಬದಲಾಯಿಸ್ತಿದೀನಿ. ಎನ್ಸಿಯೊ ಅವರ ಹೆಸರು ಕೆಳಗೆ ಚಿಕ್ಕದಾಗಿ ಹಾಕ್ಲಾ, ಸಹಾಯ ಅಂತ?"

ಎನ್ಸಿಯೊ ಪರದೆಯ ಮೇಲಿನ ಹಳದಿ ಕುರ್ಚಿಯತ್ತ ನೋಡಿದ. "ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಪೂರ್ತಿ ತೆಗೀರಿ. ನಾನು ಒಳಗಡೆ ಇದೀನಿ, ಸಾಕು."

ಇರ್ಮೆಲಿ ಎದ್ದು, ಮೇಲಿನ ಹಲಗೆಯ ಅಟ್ಟಿಯಿಂದ ಬಿಸಿ ಟವೆಲ್ಲೊಂದನ್ನು ಎಳೆದುಕೊಂಡಳು. ಕಾದ ಸೌನಾ ಸುಮ್ಮನೆ ಆರುವುದು ಯಾಕೆ?

"ಮೊದಲು ನಾನು ಹೋಗ್ತೀನಿ."

"ಹಜಾರದ ಸಾಮಾನು?"

"ತೆಗೆದೋನಿಗೆ ಗೊತ್ತಿರುತ್ತೆ ಎಲ್ಲಿಡ್ಬೇಕು ಅಂತ."

ಮೇಲಿನ ಹಲಗೆಗೆ ಹತ್ತಿ ಕೂತು ಮೊದಲ ಸೌಟು ನೀರನ್ನು ಒಲೆಯ ಕಾದ ಕಲ್ಲುಗಳ ಮೇಲೆ ಹೊಯ್ದಳು. ಹೊರಗೆ ಸ್ಕೀಗಳು ಉರುಳಿದ ಸದ್ದಾಯಿತು. ಬಾಗಿಲ ಹತ್ತಿರ ದನಿ ಬಂತು. "ಅಮ್ಮಾ... ಇರ್ಮೆಲಿ, ಈ ಜಾಮ್ ಬಾಟ್ಲಿ ಎಲ್ಲಿ ಹೋಗ್ಬೇಕು?"

ಅವಳು ಇನ್ನೊಂದು ಸೌಟು ಹೊಯ್ದಳು. ಕಲ್ಲುಗಳ ಭೋರೆಂಬ ಸದ್ದಿನಲ್ಲಿ ಉಳಿದ ಮಾತು ಕೇಳಿಸಲಿಲ್ಲ.